ದಾರಿಗೆ ಅಡ್ಡ ಒಂದು ಗುಂಡಿ

ಲೈಬ್ರರಿ ಬಸ್ಸು ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ಡಲ್ಸಿ ಡಾಂಬರು ರಸ್ತೆಯ ಅಂಚಿಗೆ ಹೋಗಿ ನಿಂತಿದ್ದಳು. ವಾರ ಬಿಟ್ಟು ವಾರ, ಬುಧವಾರ ಅದು ಬರುತ್ತದೆ. ವಿಲ್ಗಾನಾ ಪೇಟೆ ದಾಟಿ ಗೋಧಿ ಗೋದಾಮಿನ ಹತ್ತಿರ ನಿಲ್ಲುತ್ತದೆ. ಕುರಿ ಸಾಕುವ ಬಿಳಿಯರ ದೊಡ್ಡ ಮನೆಗಳ ಗೇಟಿನ ಮುಂದೆ ನಿಲ್ಲುತ್ತದೆ. ಒಬ್ಬಳೇ ಮುದುಕಿ ಇರುವ ಮನೆಗೂ ಅಂಗಳದ ತನಕ ಹೋಗಿ ಹಾರನ್ ಹೊಡೆಯುತ್ತದೆ. ನದಿ ತಿರುವಿನಲ್ಲಿ ಸರ್ಕಾರ ಬೇಲಿ ಹಾಕಿ ಇಟ್ಟಿರುವ, ಈ ನೆಲದ ಮೂಲನಿವಾಸಿ ಕರಿಯರ ಕೇರಿ ಬಂದಾಗ ಮಾತ್ರ ಅದಕ್ಕೆ ಎಲ್ಲಿಲ್ಲದ ಅವಸರ.

ಬಸ್ಸಿನ ಮೈಮೇಲೆ ದಪ್ಪ ಅಕ್ಷರದಲ್ಲಿ ಬರೆದಿದೆ. ಕಥೆ, ಕಾದಂಬರಿ, ಚರಿತ್ರೆ, ವಿಜ್ಞಾನ, ಅಡುಗೆ, ಹೊಲಿಗೆ. ಹಾಲು ಕುಡಿಯುವ ಮಕ್ಕಳಿಂದ ಹಿಡಿದು ಮುದುಕರ ತನಕ, ಎಲ್ಲ ವಯಸ್ಸಿನವರಿಗೂ. ಆ 'ಎಲ್ಲ' ಎನ್ನುವ ಮಾತು ಕಣ್ಣಿಗೆ ಬಿದ್ದಾಗಲೆಲ್ಲ ಡಲ್ಸಿಗೆ ಮೈ ಉರಿಯುತ್ತಿತ್ತು. ಬರೆದವನಿಗೆ ನಾಚಿಕೆಯಿಲ್ಲ, ಓಡಿಸುವವನಿಗೂ ಇಲ್ಲ.

ಅವಳು ತನಗಾಗಿ ಅಲ್ಲಿ ನಿಂತಿರಲಿಲ್ಲ. ಮಗಳು ರೊವೀನಾಗಾಗಿ ನಿಂತಿದ್ದಳು. ಹುಡುಗಿಗೆ ಓದುವ ಹುಚ್ಚು. ಪೇಟೆಯ ಶಾಲೆಯಲ್ಲಿ ಕೇರಿಯ ಮಕ್ಕಳಿಗೆ ಹಿಂದಿನ ಬೆಂಚು. ಅಲ್ಲಿನ ಬೀರುವಿನಲ್ಲಿ ಪುಸ್ತಕಗಳಿವೆ, ಮನೆಗೆ ಕೊಡುವುದಿಲ್ಲ. ನಿಮ್ಮ ತಗಡಿನ ಗುಡಿಸಲಲ್ಲಿ ಇಡೋಕೆ ಜಾಗ ಎಲ್ಲಿದೆ ಎಂದು ಕೇಳುತ್ತಾಳೆ ಟೀಚರಮ್ಮ. ಗುಡಿಸಲ ತಗಡಿನ ಸಂದಿಯಿಂದ ಗಾಳಿ ನುಗ್ಗದಿರಲೆಂದು ಡಲ್ಸಿ ಒಳಗೋಡೆಗೆಲ್ಲ ಹಿಟ್ಟಿನ ಅಂಟು ಕಲಸಿ ಹಳೆಯ ಪೇಪರು ಅಂಟಿಸಿದ್ದಳು. ರೊವೀನಾ ಅದನ್ನು ಓದುತ್ತಿದ್ದಳು. ಬಾಗಿಲ ಬಳಿಯಿಂದ ಶುರು ಮಾಡಿ, ಒಲೆಯ ಹಿಂದೆ ಹೊಗೆ ಹಿಡಿದದ್ದನ್ನು ಓದಿ, ತಲೆಕೆಳಗಾಗಿ ಅಂಟಿದ ಹಾಳೆಯನ್ನು ಕತ್ತು ತಿರುಚಿಕೊಂಡು ಓದಿದಳು. ಒಂದು ದಿನ ಬಂದು ಹೇಳಿದಳು.

"ಅವ್ವಾ, ಗೋಡೆ ಮುಗೀತು."

ಡಲ್ಸಿ ಬಸ್ಸು ಬರುವ ಮುಂದಿನ ಬುಧವಾರ ಮಗಳ ಮುಖ ತೊಳೆದು, ಇದ್ದದ್ದರಲ್ಲಿ ಒಳ್ಳೆಯ ಗೌನು ಹಾಕಿ, ಬಿಸಿಲಲ್ಲಿ ಗೋದಾಮಿನ ತನಕ ನಡೆಸಿಕೊಂಡು ಹೋದಳು.

ಬಸ್ಸಿನ ಮನುಷ್ಯ ಪ್ರಿಚರ್ಡ್. ಓಡಿಸುವವನೂ ಅವನೇ, ಪುಸ್ತಕ ಕೊಡುವವನೂ ಅವನೇ. ಜೋರು ಮಾತಿನವನಲ್ಲ. ನಯವಾಗಿ ಮಾತಾಡುವವರನ್ನು ಕಂಡರೆ ಡಲ್ಸಿಗೆ ಇನ್ನೂ ಗುಮಾನಿ. ಬಯ್ಯುವವನ ಒಳಗೇನಿದೆ ಎಂದಾದರೂ ಗೊತ್ತಾಗುತ್ತದೆ.

"ನಿಮ್ಮ ಸ್ಟಾಪು ಇದಲ್ಲ ಕಣಮ್ಮ," ಎಂದ ಅವನು.

"ನಮ್ ಸ್ಟಾಪು ಯಾವ್ದು ಸಾರ್?"

"ನಿಮ್ಮದು ಇನ್ನೂ ಆಗಿಲ್ಲ. ನಿಮ್ಮ ದಾರಿ ಸರಿ ಇಲ್ಲ ಅಂತ ಕೌನ್ಸಿಲ್ ಆರ್ಡರ್ ಇದೆ. ಗೇಟಿನ ಹತ್ರ ಆ ಗುಂಡಿ ನೋಡಿದ್ದೀಯಲ್ಲ? ಬಸ್ಸಿನ ಅಚ್ಚು ಮುರಿದ್ರೆ ಯಾರು ಹೊಣೆ?"

"ದಾರಿ ನಾವೇ ಸರಿ ಮಾಡಿದ್ರೆ?"

"ಮಾಡಿ. ಆಗ ನೋಡೋಣ."

ಈ ಮಾತಿನ ನಡುವೆ ರೊವೀನಾ ಮೆಟ್ಟಿಲ ಪಕ್ಕದ ಒಂದು ಪುಸ್ತಕದ ಬೆನ್ನನ್ನು ಬೆರಳಿನಿಂದ ಸವರಿದ್ದಳು. ಪ್ರಿಚರ್ಡ್ ಅದನ್ನು ಹೊರಗೆಳೆದು, ಜೇಬಿನಿಂದ ಬಟ್ಟೆ ತೆಗೆದು, ಒರೆಸಿ ಒಳಗಿಟ್ಟ. ಬಯ್ಯಲಿಲ್ಲ. ಒರೆಸಿದ, ಅಷ್ಟೆ. ಸಾಲಿನಲ್ಲಿ ನಿಂತಿದ್ದ ಬಿಳಿ ಹೆಂಗಸರು ಬೇರೆ ಕಡೆ ನೋಡಿದರು. ರೊವೀನಾ ತನ್ನ ಬೆರಳನ್ನು ನೋಡಿಕೊಂಡಳು.

ಡಲ್ಸಿಗೆ ಪುಸ್ತಕ ಒರೆಸುವುದು ಚೆನ್ನಾಗಿ ಗೊತ್ತಿತ್ತು. ಇದೇ ಮಗಳಿಗಿಂತ ಚಿಕ್ಕವಳಾಗಿದ್ದಾಗ ವೆಲ್‌ಫೇರ್ ಇಲಾಖೆಯ ಕಾರು ಅವಳನ್ನು ಈ ಕೇರಿಯಿಂದ ಎತ್ತಿಕೊಂಡು ಹೋಗಿತ್ತು. ಬಾಲಿಕೆಯರ ಮಂದಿರ ಅಂತೆ. ನೆಲ ತಿಕ್ಕಲು ಕಲಿಸುವ ಮಂದಿರ. ಅಲ್ಲಿಂದ ಸಿಡ್ನಿಯ ಒಬ್ಬ ಡಾಕ್ಟರನ ಮನೆಯ ಕೆಲಸಕ್ಕೆ ಹಾಕಿದರು. ಅವನ ಕೋಣೆಯ ತುಂಬ ಪುಸ್ತಕ. ವಾರವಾರ ಒಂದೊಂದನ್ನೂ ಇಳಿಸಿ ಧೂಳು ಒರೆಸಿ ಇಡಬೇಕು, ತೆರೆಯಬಾರದು. ಒಂದು ಸಲ ತೆರೆದಳು. ಡಾಕ್ಟರನ ಹೆಂಡತಿ ಹೇರ್‌ಬ್ರಷ್ಷಿನ ಹಿಡಿಯಿಂದ ಗೆಣ್ಣಿನ ಮೇಲೆ ಬಾರಿಸಿದಳು. ದೊಡ್ಡವಳಾಗಿ ಕೇರಿಗೆ ಮರಳಿ ಬರುವ ಹೊತ್ತಿಗೆ ಅವಳ ಅವ್ವ ಸತ್ತಿದ್ದಳು. ಅವ್ವನ ಅಕ್ಕ ಯೂನಾ ದೊಡ್ಡವ್ವ ಮಾತ್ರ ಬದುಕಿದ್ದಳು. ಮುದುಕಿ ಇವಳ ಮುಖ ಹಿಡಿದು ನೋಡಿ, ಬಾಗಿಲ ಕಡೆ ನೋಡಿ, ಹಿಂದೆ ಇನ್ಯಾರೂ ಬರಲಿಲ್ಲವಾ ಎಂದು ಕೇಳಿದ್ದಳು.

ಗೋದಾಮಿನಿಂದ ಮನೆಗೆ ಬರುವ ದಾರಿಯುದ್ದಕ್ಕೂ ರೊವೀನಾ ಕೈಯನ್ನು ಗೌನಿಗೆ ಒರೆಸುತ್ತಲೇ ಇದ್ದಳು.

"ಸಾಕು ಬುಡು," ಎಂದಳು ಡಲ್ಸಿ. "ಕೊಳೆ ಇದ್ದಿದ್ದು ನಿನ್ ಕೈಯಾಗಲ್ಲ."

ಮಾರನೆಯ ದಿನವೇ ಕೆಲಸ ಶುರುವಾಯಿತು. ಅವಳ ಅಪ್ಪನ ಅಣ್ಣನ ಮಗ ಕ್ಲಾರಿ ಕೌನ್ಸಿಲ್‌ನ ರಸ್ತೆ ಕೂಲಿ. ಜಿಲ್ಲೆಯ ದಾರಿಗಳಿಗೆಲ್ಲ ಮಣ್ಣು ಹೊರುವವನು. ಮಣ್ಣು ಹರಡುವ ಕೌನ್ಸಿಲ್ ಯಂತ್ರ ಕೇರಿಯ ಗೇಟಿನ ತನಕ ಬಂದು, ಅಲ್ಲಿ ಬ್ಲೇಡು ಎತ್ತಿಕೊಂಡು, ತಿರುಗಿ ಹೋಗುವುದನ್ನು ಅವನು ವರ್ಷಗಟ್ಟಲೆ ನೋಡಿದ್ದ. ಸ್ವಂತ ಕೇರಿಯ ದಾರಿಗೆ ಅವನು ಒಂದು ಗುದ್ದಲಿ ಮಣ್ಣು ಹಾಕಿದ್ದು ಇದೇ ಮೊದಲು.

ಜೊಂಡಿನ ಬುಡದ ಕೆಸರುಮಡು ಬಿಟ್ಟರೆ ನದಿಯ ಪಾತ್ರ ಬತ್ತಿತ್ತು. ಅಲ್ಲಿಂದ ಜಲ್ಲಿ ತೆಗೆದು ಹಿಟ್ಟಿನ ಚೀಲಕ್ಕೆ ತುಂಬಿ ಹೆಗಲ ಮೇಲೆ ಹೊತ್ತು ದಡ ಹತ್ತಬೇಕು. ಗಂಡಸರು ಕುರಿಮನೆಗಳ ಕೂಲಿಗೆ ಹೋದ ಮೇಲೆ ಹೆಂಗಸರೇ ಹೊತ್ತರು. ಸೀಮೆಎಣ್ಣೆ ಡಬ್ಬಕ್ಕೆ ತಂತಿ ಕಟ್ಟಿ ಮಕ್ಕಳು ಹೊತ್ತರು. ಚೀಲದ ಉಜ್ಜಿಗೆ ಹೆಗಲಿನ ಚರ್ಮ ಸುಲಿಯಿತು. ಬೆವರಿನ ಉಪ್ಪು ಗಾಯಕ್ಕೆ ಇಳಿದು ಉರಿ. ನೊಣಗಳು ಮುಖಕ್ಕೆ ಮುತ್ತಿದರೆ ಅಟ್ಟಲು ಕೈ ಖಾಲಿ ಇಲ್ಲ. ಡಾಂಬರು ರಸ್ತೆಯಲ್ಲಿ ಹೋಗುವ ಕಾರುಗಳು ನಿಧಾನಿಸಿ ನೋಡಿ ಹೋದವು. ಒಬ್ಬನಂತೂ ಕಿಟಕಿಯಿಂದ ತಲೆ ಹಾಕಿ, "ಏನು, ಕೊನೆಗೂ ಮೈ ಬಗ್ತಾ?" ಎಂದು ನಕ್ಕ. ಡಲ್ಸಿಗೆ ಡಬ್ಬವನ್ನು ಅವನ ಮುಖಕ್ಕೆ ಎಸೆಯಬೇಕೆನಿಸಿತು. ಜಲ್ಲಿ ದಂಡವಾಗುತ್ತದೆ ಎಂದು ಸುಮ್ಮನಾದಳು.

ಎಲ್ಲಕ್ಕಿಂತ ದೊಡ್ಡದು ಆ ಗುಂಡಿ. ಎರಡು ನೀಲಗಿರಿ ಮರಗಳ ನಡುವೆ ದಾರಿ ಇಕ್ಕಟ್ಟಾಗುವ ಕಡೆ, ಸುತ್ತಿ ಬಳಸಿ ಹೋಗಲು ಜಾಗವಿಲ್ಲದ ಕಡೆಯೇ ಅದು ಬಾಯಿ ಬಿಟ್ಟುಕೊಂಡಿತ್ತು. ಮಳೆಗೆ ಆದ ಗುಂಡಿ ಎಂದು ಕೇರಿಯವರೆಲ್ಲ ತಿಳಿದಿದ್ದರು. ಇಡೀ ದಿನ ಜಲ್ಲಿ ಸುರಿದು, ಕ್ಲಾರಿ ತುಳಿದು ತುಳಿದು ಗಟ್ಟಿ ಮಾಡಿ, ಅದನ್ನು ಮುಚ್ಚಿದರು.

ಬೆಳಗ್ಗೆ ಎದ್ದು ನೋಡಿದರೆ ಗುಂಡಿ ಮತ್ತೆ ಗುಂಡಿಯಾಗಿತ್ತು. ಜಲ್ಲಿಯನ್ನು ಯಾರೋ ಎರಡೂ ಬದಿಗೆ ಎಳೆದು ಹಾಕಿದ್ದರು.

ಮತ್ತೆ ಮುಚ್ಚಿದರು. ಮತ್ತೆ ಯಾರೋ ಅಗೆದರು.

ಡಲ್ಸಿಯ ತಲೆಯಲ್ಲಿ ಗುಮಾನಿ ಹೊಗೆಯಾಡತೊಡಗಿತು. ಬೇಲಿಯ ಆಚೆಯ ಕುರಿಮನೆಯ ಹುಡುಗರಾ? ಅವರಿಗೆ ಇಂಥ ಚೇಷ್ಟೆ ಹೊಸದಲ್ಲ. ಕೌನ್ಸಿಲ್‌ನವರಾ? ದಾರಿ ಸರಿಯಾದರೆ ಅವರಿಗೆ ಬೇರೆ ನೆಪ ಹುಡುಕುವ ಕಷ್ಟ. ಆ ನಯಸ್ಥ ಪ್ರಿಚರ್ಡನೇ ಯಾರನ್ನಾದರೂ ಕಳಿಸುತ್ತಿದ್ದಾನಾ? ಕೊನೆಗೆ ಅವಳ ಗುಮಾನಿ ಮನೆಯೊಳಕ್ಕೇ ಬಂತು. ಎಲ್ಲರೂ ಚಹಾಕ್ಕೆ ಕೂತಿದ್ದಾಗ ಕ್ಲಾರಿಯ ಗುದ್ದಲಿಯ ಬಾಯಿ ಹಿಡಿದು ನೋಡಿದಳು.

"ಹೊಸ ಮಣ್ಣು ಮೆತ್ತದಲ್ಲ ಕ್ಲಾರಿಯಣ್ಣ."

"ನಿನ್ನೆ ನಿನ್ ಜೊತೇಲೇ ಅಗ್ದೆ. ಮೆತ್ತದೆ ಇನ್ನೇನು ಮಾಡೀತು?"

"ಕೌನ್ಸಿಲ್ ಕೂಲಿ ತಿನ್ನೋನು ನೀನು. ಸಾಹೇಬ್ರು ಏನಾರ ಹೇಳಿದ್ರೆ ನನ್ ಹತ್ರ ಹೇಳ್ಬುಡು."

ಕ್ಲಾರಿ ಚಹಾದ ಲೋಟ ಕೆಳಗಿಟ್ಟ. ಅಂಗಿ ತೆಗೆದು ಅವಳಿಗೆ ಬೆನ್ನು ತೋರಿಸಿದ. ಚೀಲ ಹೊತ್ತ ಹೆಗಲು ಹಸಿ ಮಾಂಸದಂತೆ ಕೆಂಪಗಾಗಿತ್ತು. ಅಂಗಿ ಹಾಕಿಕೊಂಡು ಎದ್ದು ಹೋದ. ಡಲ್ಸಿ ಗುದ್ದಲಿಯನ್ನು ಅವನು ಕೂತಿದ್ದ ಜಾಗದಲ್ಲಿ ಇಟ್ಟಳು. ಬಿಳಿಯರು ನಮಗೆ ಕಲಿಸಿದ ಪಾಠ ಇದು, ಮೊದಲು ನಮ್ಮವನನ್ನೇ ಅನುಮಾನಿಸು ಎಂಬುದು. ಅದನ್ನು ಅವಳು ಚೆನ್ನಾಗಿ ಕಲಿತಿದ್ದಳು.

ಮೂರನೆಯ ಸಲ ಮುಚ್ಚಿದ ಮೇಲೆ ಅವಳು ಕಾದಳು. ಮೂಡಲು ಬೆಳ್ಳಗಾಗುವ ಹೊತ್ತಿಗೆ ಕಂಬಳಿ ಹೊದ್ದು ನೀಲಗಿರಿ ಮರದ ಹಿಂದೆ ಕೂತಳು. ಮೊದಲು ಕೆಮ್ಮು ಕೇಳಿಸಿತು. ಆಮೇಲೆ ಯೂನಾ ದೊಡ್ಡವ್ವ ಬಂದಳು. ಹಿಡಿ ಸವೆದ ಗುದ್ದಲಿ ಕೈಯಲ್ಲಿತ್ತು. ಬಗ್ಗಿದ ಬೆನ್ನನ್ನು ಇನ್ನಷ್ಟು ಬಗ್ಗಿಸಿ, ಉಸಿರು ಎಳೆದುಕೊಳ್ಳುತ್ತ, ಮುದುಕಿ ಕೇರಿಯ ಹೆಂಗಸರೆಲ್ಲ ಹೊತ್ತು ತಂದ ಜಲ್ಲಿಯನ್ನು ಕೆದಕಿ ಹಾಕತೊಡಗಿದಳು.

"ದೊಡ್ಡವ್ವಾ!"

ಯೂನಾ ಬೆಚ್ಚಲಿಲ್ಲ. ಗುದ್ದಲಿ ಊರಿ ನಿಂತಳು.

"ನೋಡ್ದಾ? ಆಯ್ತು ಬುಡು. ಈಗ ಗೊತ್ತಾಯ್ತಲ್ಲ."

"ಬುದ್ಧಿ ಅದಾ ನಿಂಗೆ? ನಾವು ಹೆಗಲು ಸುಲ್ಕೊಂಡು..."

"ಹೆಗಲು ಸುಲೀತದೆ, ಮತ್ತೆ ಚರ್ಮ ಬತ್ತದೆ," ಎಂದಳು ಯೂನಾ. "ಈ ಗುಂಡಿ ಮಳೆ ಮಾಡಿದ್ದು ಅಂದ್ಕೊಂಡಿದ್ದೀರಾ ಎಲ್ಲ? ಮಳೆ ಇದನ್ನ ಮುಚ್ತದೆ ಕಣೇ. ಅಗ್ಯೋಳು ನಾನು. ನಿನ್ನ ಎತ್ಕೊಂಡು ಹೋದಾಗಿಂದ ಅಗೀತಾ ಇವ್ನಿ."

ಡಲ್ಸಿ ಗುಂಡಿಯನ್ನು ಬಗ್ಗಿ ನೋಡಿದಳು.

"ಆಗ ದಾರಿ ಎಲ್ಲಾ ಬರೀ ಮರಳು. ವೆಲ್‌ಫೇರ್ ಕಾರು ಬಂದ್ರೆ ಹೂತ್ಕೊಂಡು ಗುಂಯ್ ಅನ್ನದು. ಆ ಸದ್ದು ಕೇಳ್ತಿದ್ದಂಗೇ ಮಕ್ಳನ್ನ ಹೊಳೆ ಕಡೆ ಓಡಿಸ್ತಿದ್ವಿ. ಜೊಂಡಿನೊಳಗೆ ಬಚ್ಚಿಡ್ತಿದ್ವಿ. ಅವ್ರು ಬಂದು ಖಾಲಿ ಗುಡಿಸ್ಲು ನೋಡ್ಕೊಂಡು ಹೋಗೋರು. ಆಮೇಲೆ ಕೇರಿ ನೋಡ್ಕೊಳ್ಳೋ ಸರ್ಕಾರದ ಮ್ಯಾನೇಜರ್ ಬಂದು, ಬಿಷಪ್ಪು ಬತ್ತಾವ್ರೆ ದಾರಿ ಮಾಡಿ ಅಂದ. ಗಂಡಸ್ರೆಲ್ಲ ಸೇರ್ಕೊಂಡು ಮಾಡಿದ್ರು. ಚೆನ್ನಾಗೇ ಮಾಡಿದ್ರು. ಬಿಷಪ್ಪು ಬರ್ಲೇ ಇಲ್ಲ. ಕಾರು ಬಂತು. ಸದ್ದೇ ಆಗ್ಲಿಲ್ಲ ಕಣೇ ಡಲ್ಸಿ. ಬಾಗ್ಲಿಗೇ ಬಂದ್ಬುಡ್ತು."

ಆ ದಿನ ಹೋದವರು ಮೂವರು. ಡಲ್ಸಿ ಒಬ್ಬಳು. ಯೂನಾಳ ಹೆಣ್ಣುಮಕ್ಕಳು ಲೋಯಿಸ್ ಮತ್ತು ನೋರೀನ್. ಡಲ್ಸಿ ಮರಳಿ ಬಂದಳು. ಅವರಿಬ್ಬರನ್ನು ಎಲ್ಲಿ ಇಟ್ಟರು, ಯಾವ ಹೆಸರು ಕೊಟ್ಟರು, ಬದುಕಿದ್ದಾರೋ ಇಲ್ಲವೋ, ಯಾವ ಆಫೀಸಿನವನೂ ಹೇಳಲಿಲ್ಲ.

"ಮಕ್ಳನ್ನ ಎತ್ಕೊಂಡ್ ಹೋಗೋ ಆ ಕಾಯ್ದೆ ಹೋಯ್ತು ದೊಡ್ಡವ್ವ. ಈಗ ಇಲ್ಲ ಅದು."

"ಕಾಯ್ದೆ ಹೋಯ್ತು. ಕಾರು ಎಲ್ಲೋಯ್ತು?" ಎಂದಳು ಯೂನಾ. "ಹೋದ್ ವರ್ಷ ಹೇಜಲ್ ಮಗೀನ ಆಸ್ಪತ್ರೆಯಿಂದ ಹಂಗೇ ಎತ್ಕೊಂಡು ಹೋಗ್ಲಿಲ್ವ? ಆಗ ಬಿಷಪ್ಪು ಅಂದ್ರು. ಈಗ ಪುಸ್ತಕ ಅಂತಾರೆ. ಮಕ್ಳು ಓಡ್ಬರ್ಲಿ ಅಂತ್ಲೇ ಬಣ್ಣ ಬಳ್ದವ್ರೆ ಆ ಬಸ್ಗೆ."

ಡಲ್ಸಿಗೆ ನಗು ಬರಲಿಲ್ಲ. ಒಳಗೆಲ್ಲೋ ಅವಳಿಗೂ ಅದೇ ಅಂಜಿಕೆ. ಆದರೂ ಗೋಡೆ ಮುಗೀತು ಎಂದ ಮಗಳ ಮಾತು ಕಿವಿಯಲ್ಲಿತ್ತು. ಸೂರ್ಯ ಏರುವ ತನಕ ಇಬ್ಬರೂ ಜಗಳವಾಡಿದರು. ಕೊನೆಗೆ ಯೂನಾ ಒಂದು ಮಾತಿಗೆ ಒಪ್ಪಿದಳು. ಉಳಿದ ದಾರಿ ಸರಿ ಮಾಡಿಕೊಳ್ಳಿ. ಗುಂಡಿ ಇದ್ದಂತೆ ಇರಲಿ. ಬಸ್ಸು ಗುಂಡಿಯ ಆಚೆಗೇ ನಿಲ್ಲಲಿ. ಮಕ್ಕಳು ಗುಂಡಿಯ ಮೇಲೆ ಹಾಕಿದ ಹಲಗೆ ದಾಟಿ ಹೋಗಲಿ. ಹತ್ತುವ ಮೊದಲು ತಾನು ಬಸ್ಸನ್ನು ನೋಡಬೇಕು.

ಡಲ್ಸಿ ಮೊದಲು ಕ್ಲಾರಿಯ ಗುಡಿಸಲಿಗೆ ಹೋಗಿ ತಪ್ಪಾಯಿತು ಎಂದಳು. ಅವನು ಹೆಗಲಿಗೆ ಕುರಿಯ ಕೊಬ್ಬು ಹಚ್ಚಿಕೊಳ್ಳುತ್ತ, "ಗುದ್ದಲಿ ಇನ್ನೊಂದ್ ಸಲ ನೋಡ್ಬೇಕಾ?" ಎಂದ. ಅಲ್ಲಿಗೆ ಅದು ಮುಗಿಯಿತು. ಅವನೇ ಕೌನ್ಸಿಲ್‌ಗೆ ಹೋಗಿ ದಾರಿ ಆಗಿದೆ ಎಂದು ಹೇಳಿ ಬಂದ.

ಆ ಬುಧವಾರ ಬಸ್ಸು ಡಾಂಬರು ಬಿಟ್ಟು ಒಳಗೆ ತಿರುಗಿತು. ತಾವು ಹೊತ್ತ ಜಲ್ಲಿಯ ಮೇಲೆ ಚಕ್ರ ಉರುಳುವ ಸದ್ದು ಕೇಳಿ ಡಲ್ಸಿಗೆ ಎದೆ ಉಬ್ಬಿತು. ಮರುಗಳಿಗೆಯಲ್ಲೇ ಹಿಂದೆ ತಿರುಗಿ ನೋಡಿದಳು. ಕೇರಿಯಲ್ಲಿ ಒಂದೇ ಒಂದು ಮಗುವೂ ಇರಲಿಲ್ಲ. ಮೋಟಾರಿನ ಸದ್ದು ಕೇಳಿದ್ದೇ ತಡ, ಹಲ್ಲಿಲ್ಲದ ಮುದುಕಿಯರೆಲ್ಲ ಸೇರಿ ಮಕ್ಕಳನ್ನು ಜೊಂಡಿಗೆ ಓಡಿಸಿಬಿಟ್ಟಿದ್ದರು. ಗೌನು ಒಗೆದು ತಲೆ ಬಾಚಿ ಬೆಳಗ್ಗಿನಿಂದ ಕಾದು ಕೂತಿದ್ದ ರೊವೀನಾಳನ್ನೂ ಕೂಡ.

ಗುಂಡಿಯ ಆಚೆ ಬಸ್ಸು ನಿಂತಿತು. ಪ್ರಿಚರ್ಡ್ ಇಳಿದು ಸುತ್ತ ನೋಡಿದ.

"ಓದೋರು ಎಲ್ಲಿ? ಬಸ್ಸು ಬೇಕು ಬೇಕು ಅಂದ್ರಿ. ಯಾರೂ ಬರಲಿಲ್ಲ ಅಂತ ಬರೆದು ಹೋಗ್ಬೇಕಾಗುತ್ತೆ ನಾನು."

"ಬತ್ತಾರೆ ಸಾರ್, ಒಂದ್ ಗಳಿಗೆ," ಎಂದಳು ಡಲ್ಸಿ.

ಯೂನಾ ಹಲಗೆ ದಾಟಿ ಬಂದಳು. ಬಸ್ಸನ್ನು ಒಂದು ಸುತ್ತು ಹಾಕಿದಳು. ಬಗ್ಗಿ ಕೆಳಗೆ ನೋಡಿದಳು. ಮೆಟ್ಟಿಲು ಹತ್ತಿ ಒಳಗಿನ ಕಪಾಟುಗಳ ಹಿಂದೆ ಕೈಯಾಡಿಸಿ, ಬಾಗಿಲಿನ ಚಿಲಕ ಒಳಗಿನಿಂದ ತೆರೆಯುತ್ತದಾ ಎಂದು ಎಳೆದು ನೋಡಿ ಇಳಿದಳು. ಆಮೇಲೆ ಪ್ರಿಚರ್ಡನ ಮುಂದೆ ಅಂಗೈ ಚಾಚಿದಳು.

"ಕೀಲಿ ಕೊಡು."

"ಏನು?"

"ಬಸ್ಸಿನ ಕೀಲಿ. ಮಕ್ಳು ಇಳಿಯೋವರ್ಗೂ ನನ್ ಕೈಲಿರ್ತದೆ."

ಪ್ರಿಚರ್ಡನ ಮುಖ ಕೆಂಪಾಯಿತು. "ಕೌನ್ಸಿಲ್ ಗಾಡಿ ಇದು! ಕೀಲಿ ಕೊಡೋಕಾಗುತ್ತಾ? ನಾನೇನು ಮಕ್ಕಳ ಕಳ್ಳನಾ? ಡಲ್ಸಿ, ಈ ಮುದುಕಿಗೆ ಹೇಳು. ನನಗೆ ಇನ್ನೂ ಕೆಲಸ ಇದೆ. ಮಕ್ಕಳ ಕೈ ನೋಡ್ಬೇಕು, ಕೊಳೆ ಇದ್ರೆ ಹತ್ತಿಸಲ್ಲ. ಪುಸ್ತಕ ಮನೆಗೆ ಬೇಕಂದ್ರೆ ಪೇಟೆಯ ಯಾರಾದರೂ ಗೃಹಸ್ಥರು ಜಾಮೀನು ನಿಲ್ಲಬೇಕು. ವಾಪಸ್ ಬರುತ್ತೆ ಅಂತ ಗ್ಯಾರಂಟಿ ಏನು?"

ಡಲ್ಸಿಗೆ ಒಂದು ಕ್ಷಣ ಏನು ಮಾಡಬೇಕೋ ತಿಳಿಯಲಿಲ್ಲ. ದೊಡ್ಡವ್ವನ ಕೈ ಹಿಡಿದು ಪಕ್ಕಕ್ಕೆ ಎಳೆದರೆ ಸಾಕು, ಮಗಳಿಗೆ ಪುಸ್ತಕ ಸಿಗುತ್ತದೆ. ಬಸ್ಸಿನ ಬಾಗಿಲು ತೆರೆದಿತ್ತು. ಒಳಗೆ ಕಪಾಟಿನಲ್ಲಿ ಬಣ್ಣಬಣ್ಣದ ಬೆನ್ನುಗಳು ಕಾಣುತ್ತಿದ್ದವು. ಆದರೆ ಗ್ಯಾರಂಟಿ ಎನ್ನುವ ಮಾತಿಗೆ ಅವಳು ಅವನ ಕಡೆ ತಿರುಗಿದಳು.

"ನಿಮ್ ಪುಸ್ತಕ ವಾಪಸ್ ಬತ್ತದಾ ಅಂತ ನಿಮಗೆ ಭಯ," ಎಂದಳು. "ನಮ್ ಮಕ್ಳು ವಾಪಸ್ ಬತ್ತಾವಾ ಅಂತ ನಮಗೆ ಭಯ. ನೀವು ಜಾಮೀನು ಕೇಳ್ತೀರಿ. ನಾವು ಕೀಲಿ ಕೇಳ್ತೀವಿ. ಅದ್ರಲ್ಲಿ ತಪ್ಪೇನು?"

"ಇದು ಅವಮಾನ!"

"ಹೌದು. ಹಂಗೇ ಆಯ್ತದೆ. ನನ್ ಮಗ್ಳು ಮುಟ್ಟಿದ್ ಪುಸ್ತಕ ಒರೆಸ್ದಾಗ ನಮಗೂ ಹಂಗೇ ಆಗಿತ್ತು."

ಪ್ರಿಚರ್ಡ್ ಬಸ್ಸು ಹತ್ತಿ ಬಾಗಿಲು ಬಡಿದ. ಇಕ್ಕಟ್ಟಿನಲ್ಲಿ ತಿರುಗಿಸಲು ಹೋಗಿ ಮುಂದೆ ಹಿಂದೆ ಮಾಡಿದ. ಸಿಟ್ಟು ಬಂದವನಿಗೆ ಹಿಂದೆ ಏನಿದೆ ಎಂಬ ಅರಿವು ಎಲ್ಲಿ? ಹಿಂದಿನ ಚಕ್ರ ದಢಾರನೆ ಯೂನಾಳ ಗುಂಡಿಗೆ ಇಳಿಯಿತು. ಬಸ್ಸು ಒಂದು ಕಡೆ ವಾಲಿ ಕೂತುಬಿಟ್ಟಿತು. ಒಳಗೆ ಪುಸ್ತಕಗಳು ಸುರಿದ ಸದ್ದು ಕೇಳಿಸಿತು.

ಅವನು ಇಳಿದು ಬಂದು, ಚಕ್ರ ನೋಡಿ, ಬೇಲಿಗೊರಗಿ ನಿಂತಿದ್ದ ಕ್ಲಾರಿಯನ್ನೂ ಉಳಿದ ಗಂಡಸರನ್ನೂ ನೋಡಿದ.

"ಸ್ವಲ್ಪ ಕೈ ಹಾಕಿ. ತಳ್ಳಿ."

"ನಮ್ ಕೈ ಕೊಳೆ ಸಾರ್," ಎಂದ ಕ್ಲಾರಿ. "ಬಸ್ಸು ಮಾಸೋಯ್ತದೆ."

ಕೇರಿಯೇ ನಕ್ಕಿತು. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ನಕ್ಕಿತು. ಪ್ರಿಚರ್ಡ್ ದನಿ ಇಳಿಸಿ, ಪೇಟೆಗೆ ಹೋಗಿ ಟ್ರ್ಯಾಕ್ಟರಿಗೆ ಹೇಳಿ ಬರುತ್ತೀಯಾ ಎಂದು ಕೇಳಿದ. ಕ್ಲಾರಿ ಹೊರಟ. ಅವನು ಅಷ್ಟು ನಿಧಾನವಾಗಿ ನಡೆದದ್ದನ್ನು ಕೇರಿಯವರು ಹಿಂದೆಂದೂ ನೋಡಿರಲಿಲ್ಲ.

ಯೂನಾ ಮತ್ತೆ ಅಂಗೈ ಚಾಚಿದಳು. "ಈಗ್ಲಾರ ಕೊಡ್ತೀಯಾ?"

ಬಸ್ಸು ಎಲ್ಲಿಗೂ ಹೋಗುವಂತಿರಲಿಲ್ಲ. ಪ್ರಿಚರ್ಡ್ ಕೀಲಿ ಕೊಟ್ಟ. ಮುದುಕಿ ಅದನ್ನು ರವಿಕೆಯೊಳಗೆ ತುರುಕಿಕೊಂಡು, ಚಕ್ರವನ್ನು ಕಾಲಿನಿಂದ ಒದ್ದು ನೋಡಿ, ಬಾಯಿಗೆ ಬೆರಳಿಟ್ಟು ಶಿಳ್ಳೆ ಹೊಡೆದಳು. ಜೊಂಡಿನಿಂದ ಮಕ್ಕಳು ಎದ್ದು ಬಂದವು. ಒದ್ದೆ ಕಾಲು, ಕೆಸರಾದ ಗೌನು, ಯಾರ ಕೈಯೂ ನೋಡುವ ಹಾಗಿರಲಿಲ್ಲ. ಪ್ರಿಚರ್ಡ್ ನೋಡಲೂ ಇಲ್ಲ.

ಆ ಮಧ್ಯಾಹ್ನ ವಾಲಿದ ಬಸ್ಸಿನೊಳಗೆ ಕೇರಿಗೆ ಕೇರಿಯೇ ಕೂತು ಓದಿತು. ಕೂತವರು ಜಾರುತ್ತಿದ್ದರು, ಮತ್ತೆ ಮೇಲಕ್ಕೆ ಸರಿದು ಕೂರುತ್ತಿದ್ದರು. ಮೊಲೆಗೂಸುಗಳಿಗೆ ಹಕ್ಕಿಯ ಚಿತ್ರದ ದಪ್ಪ ರಟ್ಟಿನ ಪುಸ್ತಕ ಸಿಕ್ಕಿತು. ಅವು ಅದನ್ನು ಚೀಪಿದವು. ಕುದುರೆ ಪಳಗಿಸುತ್ತಿದ್ದ ಮುದುಕನೊಬ್ಬ ಕುದುರೆ ರೋಗಗಳ ಪುಸ್ತಕ ಹಿಡಿದು, ಇದೆಲ್ಲ ಸುಳ್ಳು ಎಂದು ಪ್ರತಿ ಪುಟಕ್ಕೂ ಬಯ್ಯುತ್ತ, ಬಿಡದೆ ತಿರುವಿದ. ಮಗು ಕಳೆದುಕೊಂಡ ಹೇಜಲ್ ಒಂದು ಕಾದಂಬರಿ ತೆಗೆದುಕೊಂಡು ಹಿಂದಿನ ಮೂಲೆಯಲ್ಲಿ ಕೂತವಳು ಯಾರಿಗೂ ಮುಖ ತೋರಿಸಲಿಲ್ಲ. ರೊವೀನಾ ತಿಮಿಂಗಿಲದ ಪುಸ್ತಕವನ್ನು ನೆಲದ ಮೇಲೆ ಹರಡಿ ಹೊಟ್ಟೆಯಡಿ ಕೈ ಮಡಚಿ ಮಲಗಿದ್ದಳು. ಸಮುದ್ರವನ್ನೇ ನೋಡದ ಹುಡುಗಿ, "ಅವ್ವಾ, ಇದು ಮರೀನ ಬೆನ್ ಮೇಲೆ ಹೊತ್ಕೊಂಡು ಉಸ್ರಾಡ್ಸಕ್ಕೆ ಮೇಲೆ ತತ್ತದಂತೆ," ಎಂದಳು.

ಡಲ್ಸಿ ತನಗೂ ಒಂದು ತೆಗೆದುಕೊಂಡಳು. ಅದರ ಮೇಲೆ ಧೂಳಿತ್ತು. ಒರೆಸಲಿಲ್ಲ. ತೆರೆದು ಓದಿದಳು. ಏನು ಓದಿದಳೋ ನೆನಪಿಲ್ಲ, ಅಕ್ಷರವೆಲ್ಲ ನೀರಾಗಿ ಕಾಣುತ್ತಿತ್ತು. ಸಿಟ್ಟೂ ಸಂತೋಷವೂ ಒಟ್ಟಿಗೇ ಬಂದಿದ್ದವು.

ಪ್ರಿಚರ್ಡನಿಗೆ ಯಾರೋ ಕೆಂಡದಲ್ಲಿ ಸುಟ್ಟ ರೊಟ್ಟಿ, ಚಹಾ ಕೊಟ್ಟರು. ತಿಂದ. ಕಾದು ಕಾದು ಬೇಸರವಾಯಿತೋ, ಮನಸ್ಸೇ ಕರಗಿತೋ, ಮೊಹರು ಹೊರತೆಗೆದು ಮಕ್ಕಳು ತಂದ ಪುಸ್ತಕಗಳಿಗೆಲ್ಲ ತಾರೀಖು ಒತ್ತಿ ಕೊಟ್ಟ. "ಎರಡು ವಾರದಲ್ಲಿ ವಾಪಸ್ ಬರಬೇಕು, ಆಯ್ತಾ?" ಎಂದ. ಈಗ ಜಾಮೀನಿನ ಮಾತು ಎತ್ತಲಿಲ್ಲ. ಡಲ್ಸಿ ಅವನನ್ನೇ ನೋಡುತ್ತಿದ್ದಳು. ಒಳ್ಳೆಯವನೇ ಇರಬಹುದು ಅನ್ನಿಸಿತು. ಬಸ್ಸು ಸಿಕ್ಕಿಕೊಂಡಾಗ ಯಾರು ತಾನೇ ಒಳ್ಳೆಯವರಲ್ಲ ಅಂತಲೂ ಅನ್ನಿಸಿತು.

ಬಿಸಿಲು ಇಳಿಯುವಾಗ ಕ್ಲಾರಿಯ ಜೊತೆ ಟ್ರ್ಯಾಕ್ಟರು ಬಂತು. ಅದರ ಹಿಂದೆ ಯಾರೂ ಕರೆಯದ ಪೊಲೀಸ್ ಕಾರು. ಸದ್ದು ಕೇಳಿದ್ದೇ ತಡ, ಮಕ್ಕಳು ಬಸ್ಸಿನಿಂದ ಹಾರಿ, ಕೈಯಲ್ಲಿದ್ದ ಪುಸ್ತಕದ ಸಮೇತ ಜೊಂಡಿಗೆ ಓಡಿದವು. ಯಾರೂ ಹೇಳಬೇಕಾಗಲಿಲ್ಲ.

ಪೊಲೀಸಿನವನು ಡಾಯ್ಲ್. ಬೆಲ್ಟು ಮೇಲಕ್ಕೆಳೆದುಕೊಳ್ಳುತ್ತ ಬಸ್ಸಿನೊಳಗೆ ಇಣುಕಿ, ಖಾಲಿಯಾದ ಕಪಾಟುಗಳನ್ನು ನೋಡಿದ.

"ಏನ್ರೀ ಇದು ಪ್ರಿಚರ್ಡ್? ಜಾಮೀನಿಲ್ಲದೆ ಇವ್ರಿಗೆ ಪುಸ್ತಕ ಕೊಟ್ರಾ? ಕೌನ್ಸಿಲ್‌ಗೆ ಏನಂತ ಹೇಳ್ತೀರಿ?"

ಪ್ರಿಚರ್ಡ್ ಡಲ್ಸಿಯ ಕಡೆ ನೋಡಿದ. ಟ್ರ್ಯಾಕ್ಟರಿನ ಕಡೆ ನೋಡಿದ. ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಕೆಳಗೆ ಬಿಟ್ಟ.

"ನಾನು ಕೊಡಲಿಲ್ಲ," ಎಂದ. "ಬಸ್ಸು ಸಿಕ್ಕಿಕೊಂಡಿತ್ತು. ಜನ ನುಗ್ಗಿದರು."

"ನುಗ್ಗಿದ್ವಾ?" ಎಂದಳು ಡಲ್ಸಿ. ಪ್ರಿಚರ್ಡನ ಎದುರಿಗೆ ಹೋಗಿ ನಿಂತಳು. "ಮೊಹರು ಒತ್ತಿದ್ದು ಯಾರು? ಚಹಾ ಕುಡ್ದಿದ್ದು ಯಾರು? ನನ್ ಮುಖ ನೋಡಿ ಹೇಳು. ನೀನೇ ಹೇಳು!"

ಅವನು ಮುಖ ನೋಡಲಿಲ್ಲ. ಟ್ರ್ಯಾಕ್ಟರಿನವನು ಸರಪಳಿ ಕಟ್ಟಿ ಬಸ್ಸನ್ನು ಎಳೆದು ಮೇಲೆ ನಿಲ್ಲಿಸಿದ. ಡಾಯ್ಲ್ ಡಲ್ಸಿಯ ಹತ್ತಿರ ಬಂದ.

"ಮಕ್ಕಳನ್ನ ಕೂಗು. ಪುಸ್ತಕ ಎಲ್ಲಾ ಈಗಲೇ ಇಲ್ಲಿಗೆ ಬರಬೇಕು. ಇಲ್ಲಾಂದ್ರೆ ಪುಸ್ತಕ ಕದ್ದ ಮಕ್ಕಳನ್ನ ನಾನೇ ಹುಡುಕ್ತೀನಿ. ಕರ್ಕೊಂಡು ಹೋಗ್ತೀನಿ. ಅರ್ಥ ಆಯ್ತಾ?"

ಡಲ್ಸಿಗೆ ಕರೆದುಕೊಂಡು ಹೋಗುತ್ತೇನೆ ಎಂಬ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತ್ತು. ಪುಸ್ತಕ ಹೋಗಲಿ, ತಿಮಿಂಗಿಲ ಹೋಗಲಿ, ಮಗಳು ಉಳಿದರೆ ಸಾಕು. ಅವಳು ಹೊಳೆಯ ಕಡೆ ತಿರುಗಿ ರೊವೀನಾ ಎಂದು ಕೂಗಲು ಬಾಯಿ ತೆರೆದಳು.

"ಕೂಗ್ಬ್ಯಾಡ," ಎಂದಳು ಯೂನಾ.

ಪುಸ್ತಕವೇ ಬೇಡ ಎಂದವಳು, ಇಡೀ ಮಧ್ಯಾಹ್ನ ಮೆಟ್ಟಿಲ ಮೇಲೆ ಕಾವಲು ಕೂತು ಒಂದು ಹಾಳೆಯನ್ನೂ ಮುಟ್ಟದವಳು, ಎದ್ದು ಬಂದು ಪೊಲೀಸಿನವನ ಮುಂದೆ ನಿಂತಳು. ರವಿಕೆಯಿಂದ ಕೀಲಿ ತೆಗೆದು ಅವನ ಕೈಗೆ ಹಾಕಿದಳು.

"ತಗೋ. ಬಸ್ಸು ನಿಮ್ದು. ನಮಗೆ ಬ್ಯಾಡ."

"ಪುಸ್ತಕ?"

"ಕೊಡ್ತೀವಿ. ತಗೊಂಡಿದ್ದನ್ನ ವಾಪಸ್ ಕೊಡ್ಬೇಕು, ಅದು ನಿಮ್ ಕಾನೂನು ತಾನೆ? ಒಳ್ಳೆ ಕಾನೂನು. ಮೊದ್ಲು ತಗೊಂಡೋರು ನೀವು. ಮೊದ್ಲು ನೀವು ಕೊಡಿ."

"ಏನನ್ನ ಕೊಡೋದು? ಏನು ಹೇಳ್ತಿದೀಯ ಮುದುಕಿ?"

"ಲೋಯಿಸ್," ಎಂದಳು ಯೂನಾ. ಆ ಹೆಸರನ್ನು ಅವಳು ಬಿಳಿಯರ ಮುಂದೆ ಎಂದೂ ಆಡಿರಲಿಲ್ಲ. "ಸ್ನಾನದ ಬಾನೀಲಿ ಕೂರ್ಸಿದ್ದೆ. ನಿಮ್ಮೋರು ಒದ್ದೆ ಮೈಯಲ್ಲೇ ಎತ್ಕೊಂಡು ಹೋದ್ರು. ಒರೆಸಕ್ಕೂ ಬುಡ್ಲಿಲ್ಲ. ನೋರೀನ್‌ಗೆ ತಲೆ ಬಾಚ್ತಿದ್ದೆ. ಒಂದ್ ಜಡೆ ಆಗಿತ್ತು, ಇನ್ನೊಂದು ಆಗಿರ್ಲಿಲ್ಲ. ಯಾವ ಜಾಮೀನು ಕೊಟ್ರಿ ನಂಗೆ? ಯಾವ ತಾರೀಖು ಒತ್ತಿದ್ರಿ? ಹೋಗು, ನಿನ್ ಕೌನ್ಸಿಲ್‌ಗೆ ಹೇಳು. ಲೋಯಿಸ್ ಮೊದ್ಲು. ಆಮೇಲೆ ನೋರೀನ್. ಆಮೇಲೆ ನಿನ್ ಪುಸ್ತಕ."

ಡಾಯ್ಲ್ ಅವಳನ್ನು ಪಕ್ಕಕ್ಕೆ ಸರಿಸಲು ಕೈ ಎತ್ತಿದ. ಹೇಜಲ್ ಬಂದು ಯೂನಾಳ ಬಲಕ್ಕೆ ನಿಂತಳು. ಕ್ಲಾರಿ ಎಡಕ್ಕೆ ನಿಂತ. ಹೊಳೆಗೆ ಇಳಿಯುವ ಕಾಲುದಾರಿಯ ಅಗಲಕ್ಕೂ ಒಬ್ಬೊಬ್ಬರಾಗಿ ಬಂದು ನಿಂತರು.

ಡಲ್ಸಿ ತೆರೆದ ಬಾಯಿ ಮುಚ್ಚಿದಳು. ಹೋಗಿ ದೊಡ್ಡವ್ವನ ಪಕ್ಕ ನಿಂತಳು. ರೊವೀನಾಳನ್ನು ಕೂಗಲಿಲ್ಲ.